ಉದ್ರಿ ಖಾತೆಗೆ ಒಂದೇ ಸಾಲಿನ ಕಮಾಂಡ್: ಪೈಥಾನ್‌ನಲ್ಲಿ ಶೆಲ್ ಮಾದರಿಯ ಸಾಲನ್ನು ಬಿಡಿಸುವುದು ಹೇಗೆ?

ಕಲಬುರಗಿಯ ಗಂಜ್ ಕಡೆ ತಾಡಪತ್ರಿ, ಪೈಪು, ಖಾಲಿ ಚೀಲ ಮಾರುವ ಅಂಗಡಿಗಳಲ್ಲಿ ಉದ್ರಿ ವ್ಯಾಪಾರ ಜಾಸ್ತಿ. ಮುಂಗಾರಿಗೆ ಬಿತ್ತಿದ ತೊಗರಿ ಡಿಸೆಂಬರ್, ಜನವರಿಗೆ ಕೈಗೆ ಬರುತ್ತದೆ. ಅದು ಮಾರಾಟವಾದ ಮೇಲೆ ಜಮಾ. ಇಂಥ ಖಾತೆ ಬರೆಯಲು ಎಂಟು ಖಾನೆಗಳ ಫಾರ್ಮ್ ಮಾಡಿಕೊಟ್ಟರೆ ಗುಮಾಸ್ತರು ಅದನ್ನು ಮುಟ್ಟುವುದೇ ಇಲ್ಲ. ಗಿರಾಕಿ ಎದುರಿಗೆ ನಿಂತಿರುತ್ತಾನೆ, ಒಂದೊಂದು ಖಾನೆಗೂ ಮೌಸ್ ಒಯ್ಯಲು ಸಮಯ ಎಲ್ಲಿ? ಒಂದೇ ಸಾಲು ಟೈಪ್ ಮಾಡಿ ಎಂಟರ್ ಒತ್ತುವಂತಿದ್ದರೆ ಕೆಲಸ ಚಕಚಕ ಆಗುತ್ತದೆ:

ಉದ್ರಿ ಶರಣಪ್ಪ ಮಾಸ್ತರ --ಊರು "ನಂದೂರ (ಕೆ)" --ಮಾಲು ತಾಡಪತ್ರಿ --ನಗ 2 --ದರ 1450

ಇಂಥ ಸಾಲನ್ನು ಸರಿಯಾಗಿ ತುಂಡು ಮಾಡಿ, ಅರ್ಥ ಮಾಡಿಕೊಂಡು, ಖಾತೆಗೆ ಸೇರಿಸುವ ಪ್ರೋಗ್ರಾಂ ಕಟ್ಟುವುದು ಈ ಲೇಖನದ ವಿಷಯ. ಭಾಷೆ ಪೈಥಾನ್. ಅದರ ಜೊತೆಗೇ ಬರುವ 'ಶ್ಲೆಕ್ಸ್' ಲೈಬ್ರರಿ ನಮ್ಮ ಮುಖ್ಯ ಸಾಧನ. ಇಂಗ್ಲಿಷಿನಲ್ಲಿ ಎಸ್, ಎಚ್, ಎಲ್, ಇ, ಎಕ್ಸ್ ಎಂದು ಐದೇ ಅಕ್ಷರ. ಲೈಬ್ರರಿ ಮತ್ತು ಫಂಕ್ಷನ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕೋಡ್ ಬರೆಯುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿಕೊಳ್ಳಿ. ಪೈಥಾನ್ 3.8 ಅಥವಾ ಅದಕ್ಕಿಂತ ಹೊಸದು ಇರಲಿ. ಕಾರಣ ಮುಂದೆ ಬರುತ್ತದೆ.

ಸುಮ್ನೆ ಸ್ಪೇಸ್ ಸಿಕ್ಕಲ್ಲಿ ಕತ್ತರಿಸಿದರೆ ಏನಾಗುತ್ತದೆ?

ಪೈಥಾನ್‌ನ ಪ್ರತಿ ಸ್ಟ್ರಿಂಗ್‌ಗೂ ಒಂದು ಸ್ಪ್ಲಿಟ್ ಇದೆ. ಅದನ್ನೇ ಕರೆದರೆ ಸಾಕು ಅಂತ ಮೊದಲು ಎಲ್ಲರಿಗೂ ಅನಿಸುತ್ತದೆ. ಮೇಲಿನ ಸಾಲಿನ ಊರಿನ ಭಾಗ ಅದರ ಕೈಗೆ ಸಿಕ್ಕರೆ ಹೀಗಾಗುತ್ತದೆ:

[--ಊರು] ["ನಂದೂರ] [(ಕೆ)"]

ಊರು ಎರಡು ತುಂಡಾಯಿತು. ಒಂದಕ್ಕೆ ಮುಂದೆ ಕೋಟ್, ಇನ್ನೊಂದಕ್ಕೆ ಹಿಂದೆ ಕೋಟ್. ನಮ್ಮ ಭಾಗದಲ್ಲಿ ಇಂಥ ಊರುಗಳಿಗೆ ಬರವಿಲ್ಲ. ನಂದೂರ (ಕೆ) ಇದೆ, ನಂದೂರ (ಬಿ) ಇದೆ. ಮೇಳಕುಂದಾ (ಕೆ), ಮೇಳಕುಂದಾ (ಬಿ) ಇವೆ. ನಿಜಾಮರ ಕಾಲದ ದಾಖಲೆಗಳ ಖುರ್ದ್ (ಸಣ್ಣದು), ಬುಜುರ್ಗ್ (ದೊಡ್ಡದು) ಎಂಬ ಗುರುತುಗಳು ಇವು. ಆವರಣದ ಅಕ್ಷರ ಬಿಟ್ಟುಹೋದರೆ ಒಂದು ಊರಿನವರ ಸಾಲ ಇನ್ನೊಂದು ಊರಿನವರ ಹೆಸರಿಗೆ ಹೋಗುತ್ತದೆ. ಹಾಗಾಗಿ "ಸ್ಪೇಸ್ ಇರುವ ಹೆಸರು ಬೇಡ" ಎಂದು ತಪ್ಪಿಸಿಕೊಳ್ಳುವಂತಿಲ್ಲ.

ಶೆಲ್‌ನ ನಿಯಮ ಏನು?

ಯೂನಿಕ್ಸ್ ಶೆಲ್‌ಗಳು ಈ ತೊಂದರೆಯನ್ನು ಹಿಂದೆಯೇ ಬಗೆಹರಿಸಿಕೊಂಡಿವೆ. ಶೆಲ್ ಎಂದರೆ ಟೈಪ್ ಮಾಡಿದ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ. 1979ರಲ್ಲಿ ಯೂನಿಕ್ಸ್ 7ನೇ ಆವೃತ್ತಿಯ ಜೊತೆ ಬಂದ ಬೋರ್ನ್ ಶೆಲ್‌ನ ಕೋಟ್ ಪದ್ಧತಿಯೇ ಮುಂದೆ ಯೂನಿಕ್ಸ್ ಮಾದರಿಯ ವ್ಯವಸ್ಥೆಗಳ ಪೋಸಿಕ್ಸ್ ಮಾನದಂಡಕ್ಕೂ ಆಧಾರವಾಯಿತು. ನಮಗೆ ಬೇಕಾದಷ್ಟು ಮಾತ್ರ ನೋಡೋಣ.

ಸಿಂಗಲ್ ಕೋಟ್ ಒಳಗೆ ಇರುವುದೆಲ್ಲ ಇದ್ದಂತೆಯೇ ಉಳಿಯುತ್ತದೆ. ಬ್ಯಾಕ್‌ಸ್ಲ್ಯಾಶ್‌ಗೂ ಅಲ್ಲಿ ಬೆಲೆಯಿಲ್ಲ. ಡಬಲ್ ಕೋಟ್ ಒಳಗೆ ಸ್ಪೇಸ್ ಉಳಿಯುತ್ತದೆ, ಆದರೆ ಬ್ಯಾಕ್‌ಸ್ಲ್ಯಾಶ್ ಕೆಲವು ಅಕ್ಷರಗಳ ಮುಂದೆ ಕೆಲಸ ಮಾಡುತ್ತದೆ. ಶ್ಲೆಕ್ಸ್‌ನಲ್ಲಿ ಆ "ಕೆಲವು" ಎಂದರೆ ಎರಡೇ: ಇನ್ನೊಂದು ಡಬಲ್ ಕೋಟ್, ಇನ್ನೊಂದು ಬ್ಯಾಕ್‌ಸ್ಲ್ಯಾಶ್. ಕೋಟ್ ಹೊರಗಿನ ಬ್ಯಾಕ್‌ಸ್ಲ್ಯಾಶ್ ತನ್ನ ಮುಂದಿನ ಒಂದು ಅಕ್ಷರದ ವಿಶೇಷ ಅರ್ಥ ತೆಗೆದುಹಾಕಿ ತಾನೂ ಮಾಯವಾಗುತ್ತದೆ.

ಇದರ ಜೊತೆ ಜನ ಮರೆಯುವ ಎರಡು ಸಂಗತಿ ಇವೆ. ಕೋಟ್ ಮುಗಿದಲ್ಲಿ ಪದ ಮುಗಿಯುವುದಿಲ್ಲ. "ನಂದೂರ "ಕೆ ಎಂದು ಅಂಟಿಸಿ ಬರೆದರೆ ಅದು ಒಂದೇ ತುಂಡು. ಪದ ಮುಗಿಯಬೇಕಾದರೆ ಸ್ಪೇಸ್ ಬರಬೇಕು. ಎರಡನೆಯದು, ಏನೂ ಇಲ್ಲದ "" ಕೂಡ ಒಂದು ತುಂಡೇ, ಅದು ಖಾಲಿ ತುಂಡು. ಟಿಪ್ಪಣಿ ಅಳಿಸಲು --ಟಿಪ್ಪಣಿ "" ಎಂದು ಬರೆಯುವ ದಾರಿ ಇದರಿಂದಲೇ ಸಿಗುತ್ತದೆ.

ಹೆಜ್ಜೆ 1: ಶ್ಲೆಕ್ಸ್‌ನ ಸ್ಪ್ಲಿಟ್ ಕರೆಯಿರಿ

ಶ್ಲೆಕ್ಸ್ ಇಂಪೋರ್ಟ್ ಮಾಡಿ, ಇಡೀ ಸಾಲನ್ನು ಅದರ ಸ್ಪ್ಲಿಟ್‌ಗೆ ಕೊಡಿ. ಬರುವುದು ಒಂದು ಲಿಸ್ಟ್:

[ಉದ್ರಿ] [ಶರಣಪ್ಪ] [ಮಾಸ್ತರ] [--ಊರು] [ನಂದೂರ (ಕೆ)] [--ಮಾಲು] [ತಾಡಪತ್ರಿ] [--ನಗ] [2] [--ದರ] [1450]

ಊರು ಒಂದೇ ತುಂಡು, ಕೋಟ್‌ಗಳು ಹೋಗಿವೆ. ಬಹಳ ಜನರಿಗೆ ಇಷ್ಟೇ ಸಾಕು.

ಈ ಲೈಬ್ರರಿಗೆ ಒಂದು ಚಿಕ್ಕ ಇತಿಹಾಸ ಇದೆ, ಅದು ಗೊತ್ತಿದ್ದರೆ ಒಳಗಿನ ಕೆಲವು ವಿಚಿತ್ರಗಳು ಅರ್ಥವಾಗುತ್ತವೆ. 1998ರಲ್ಲಿ ಎರಿಕ್ ರೇಮಂಡ್ ಇದನ್ನು ಬರೆದಾಗ ಸ್ಪ್ಲಿಟ್ ಇರಲಿಲ್ಲ, ಪೋಸಿಕ್ಸ್ ನಿಯಮಗಳೂ ಇರಲಿಲ್ಲ. ಅವೆರಡನ್ನೂ 2003ರಲ್ಲಿ ಗುಸ್ತಾವೋ ನೀಮೆಯರ್ ಸೇರಿಸಿದರು. ಪೈಪ್, ಆವರಣದಂಥ ಚಿಹ್ನೆಗಳನ್ನು ಬೇರೆ ಮಾಡುವ ಸೌಲಭ್ಯ 2016ರಲ್ಲಿ ವಿನಯ್ ಸಾಜಿಪ್ ಅವರಿಂದ ಬಂತು. ಅಂದರೆ ಹಳೆಯ ಮನೆಗೆ ಎರಡು ಸಲ ಹೊಸ ಕೋಣೆ ಕಟ್ಟಿದಂತೆ. ಹಳೆಯ ಕೋಣೆಗೆ ತಿಳಿಯದೆ ಕಾಲಿಟ್ಟರೆ ತಲೆ ತಾಗುತ್ತದೆ.

ಅಂಥ ಒಂದು ಹಳೆಯ ಕೋಣೆ ಎಂದರೆ ಪೋಸಿಕ್ಸ್ ಅಲ್ಲದ ರೀತಿ. ಸ್ಪ್ಲಿಟ್‌ಗೆ ಪೋಸಿಕ್ಸ್ ಎಂಬ ಆಯ್ಕೆ ಇದೆ, ಅದು ಮೊದಲೇ ಟ್ರೂ ಆಗಿರುತ್ತದೆ. ಫಾಲ್ಸ್ ಮಾಡಿದರೆ ಕೋಟ್‌ಗಳು ತುಂಡಿನ ಜೊತೆಗೇ ಉಳಿಯುತ್ತವೆ, ಬ್ಯಾಕ್‌ಸ್ಲ್ಯಾಶ್‌ಗೆ ಅರ್ಥವೇ ಇರುವುದಿಲ್ಲ. ವಿಂಡೋಸ್ ಫೈಲ್ ದಾರಿಗಳ ಬ್ಯಾಕ್‌ಸ್ಲ್ಯಾಶ್ ಉಳಿಸಿಕೊಳ್ಳಲು ಕೆಲವರು ಹೀಗೆ ಮಾಡುತ್ತಾರೆ. ಬೇಡ. ಅದಕ್ಕೆ ಬೇರೆ ದಾರಿ ಇದೆ, ಮೂರನೇ ಹೆಜ್ಜೆಯಲ್ಲಿ ನೋಡೋಣ.

ಇನ್ನೊಂದು ಎಚ್ಚರ. ಸ್ಟ್ರಿಂಗ್ ಬದಲು ನನ್ ಎಂಬ ಖಾಲಿ ಮೌಲ್ಯ ಕೊಟ್ಟರೆ ಹಳೆಯ ಪೈಥಾನ್‌ನಲ್ಲಿ ಸ್ಪ್ಲಿಟ್ ಸುಮ್ಮನೆ ಕೀಬೋರ್ಡ್ ಕಡೆ ಕಾಯುತ್ತ ಕೂರುತ್ತಿತ್ತು. ಪ್ರೋಗ್ರಾಂ ನಿಂತುಹೋಯಿತೇನೋ ಅನ್ನಿಸುತ್ತಿತ್ತು. 3.12ರಿಂದ ಅದು ನೇರವಾಗಿ ವ್ಯಾಲ್ಯೂಎರರ್ ಕೊಡುತ್ತದೆ.

ಹೆಜ್ಜೆ 2: ಸಾಲನ್ನು ಮೊದಲು ತೊಳೆಯಿರಿ

ಗುಮಾಸ್ತರು ಎಲ್ಲವನ್ನೂ ಕೀಬೋರ್ಡ್‌ನಲ್ಲೇ ಟೈಪ್ ಮಾಡುವುದಿಲ್ಲ. ಮಾಲೀಕರು ಊರಿಗೆ ಹೋಗಿರುತ್ತಾರೆ, ಮೊಬೈಲ್‌ನಿಂದ ವಾಟ್ಸಾಪ್‌ನಲ್ಲಿ ಸಾಲು ಕಳಿಸುತ್ತಾರೆ, ಇವರು ಅದನ್ನು ಕಾಪಿ ಮಾಡಿ ಹಾಕುತ್ತಾರೆ. ಅಂಥ ಸಾಲು ನೋಡಲು ಸರಿಯಾಗೇ ಇರುತ್ತದೆ, ಒಳಗೆ ಬೇರೆಯೇ ಇರುತ್ತದೆ. ಕನ್ನಡದ ಜೊತೆ ಕೆಲಸ ಮಾಡುವವರಿಗೆ ನಿಜವಾದ ತಲೆನೋವು ಇರುವುದು ಇಲ್ಲಿ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲು ಬಾಗಿದ ಕೋಟ್‌ಗಳು. ಮೊಬೈಲ್ ಕೀಬೋರ್ಡ್ ನೇರ ಕೋಟ್ ಬದಲು “ಹೀಗೆ” ಬಾಗಿದ್ದನ್ನು ಹಾಕಿಬಿಡುತ್ತದೆ. ಶ್ಲೆಕ್ಸ್‌ಗೆ ಇವು ಕೋಟ್‌ಗಳೇ ಅಲ್ಲ, ಮಾಮೂಲಿ ಅಕ್ಷರಗಳು. "ಇವನ್ನೂ ಕೋಟ್‌ಗಳ ಪಟ್ಟಿಗೆ ಸೇರಿಸಿದರಾಯಿತಲ್ವಾ?" ಎಂದು ಕೇಳಬಹುದು. ಆಗುವುದಿಲ್ಲ. ಯಾವ ಚಿಹ್ನೆಯಿಂದ ತೆರೆಯಿತೋ ಅದೇ ಚಿಹ್ನೆಯಿಂದ ಮುಚ್ಚಬೇಕು ಎಂಬುದು ಶ್ಲೆಕ್ಸ್ ನಿಯಮ. ಬಾಗಿದ ಕೋಟ್‌ನಲ್ಲಿ ತೆರೆಯುವುದು ಒಂದು ಅಕ್ಷರ, ಮುಚ್ಚುವುದು ಇನ್ನೊಂದು. ಹಾಗಾಗಿ ತುಂಡು ಮಾಡುವ ಮೊದಲೇ ಬದಲಿಸಬೇಕು. ಯೂನಿಕೋಡ್ ಸಂಖ್ಯೆ 8220 ಮತ್ತು 8221 ಬಂದಲ್ಲಿ ನೇರ ಡಬಲ್ ಕೋಟ್. 8216 ಮತ್ತು 8217 ಬಂದಲ್ಲಿ ನೇರ ಸಿಂಗಲ್ ಕೋಟ್.

ಎರಡನೆಯದು, ಜೋಡಿ ಗೆರೆ. --ಊರು ಎಂದು ಒತ್ತಿದರೆ ಕೆಲವು ಮೊಬೈಲ್‌ಗಳು ಎರಡೂ ಗೆರೆ ಸೇರಿಸಿ ಒಂದು ಉದ್ದ ಗೆರೆ ಮಾಡುತ್ತವೆ. ಅದರ ಸಂಖ್ಯೆ 8212. ಪದದ ಮೊದಲಲ್ಲಿ ಬಂದು, ಅದರ ಬೆನ್ನಿಗೇ ಅಕ್ಷರ ಇದ್ದರೆ ಮಾತ್ರ ಅದನ್ನು ಎರಡು ಗೆರೆಗೆ ಬದಲಿಸಿ. ಎಲ್ಲ ಕಡೆ ಬದಲಿಸಿದರೆ ಟಿಪ್ಪಣಿಗಳ ವಾಕ್ಯ ಕೆಡುತ್ತದೆ.

ಮೂರನೆಯದು ಕಾಣದ ಸ್ಪೇಸ್. ವೆಬ್ ಪುಟಗಳಿಂದ ಕಾಪಿ ಮಾಡಿದಾಗ 160 ಸಂಖ್ಯೆಯ, ಸಾಲು ಮುರಿಯದ ಸ್ಪೇಸ್ ಬರುತ್ತದೆ. ಶ್ಲೆಕ್ಸ್ ಸ್ಪೇಸ್ ಎಂದು ಗುರುತಿಸುವುದು ನಾಲ್ಕನ್ನೇ: ಮಾಮೂಲಿ ಸ್ಪೇಸ್, ಟ್ಯಾಬ್, ಮತ್ತು ಸಾಲು ಬದಲಿಸುವ ಎರಡು ಗುರುತುಗಳು. 160 ಬಂದರೆ ಎರಡು ಪದ ಅಂಟಿಕೊಂಡೇ ಇರುತ್ತವೆ. ಮಾಮೂಲಿ ಸ್ಪೇಸ್‌ಗೆ ಬದಲಿಸಿ.

ನಾಲ್ಕನೆಯದು ಅಕ್ಷರಗಳೇ. ತೊಗರಿ ಎಂಬ ಪದವನ್ನೇ ನೋಡಿ. 'ತೊ' ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಇಡಬಹುದು. ಒಂದೇ ಚಿಹ್ನೆಯಾಗಿ ಇಡಬಹುದು, ಅದರ ಸಂಖ್ಯೆ 3274. ಇಲ್ಲವೇ ಎ-ಕಾರದ 3270, ಊ-ಕಾರದ 3266 ಎರಡನ್ನು ಒಂದರ ಹಿಂದೆ ಒಂದು ಇಡಬಹುದು. ಪರದೆ ಮೇಲೆ ಎರಡೂ ಒಂದೇ. ಪೈಥಾನ್‌ಗೆ ಎರಡೂ ಬೇರೆ. ಒಂದು ತೊಗರಿ ಚೀಲದ ಉದ್ರಿ ಇನ್ನೊಂದು ತೊಗರಿಯ ಹುಡುಕಾಟದಲ್ಲಿ ಸಿಗುವುದಿಲ್ಲ. ಯೂನಿಕೋಡ್‌ಡೇಟಾ ಲೈಬ್ರರಿಯ ನಾರ್ಮಲೈಜ್ ಫಂಕ್ಷನ್‌ಗೆ ಎನ್‌ಎಫ್‌ಸಿ ಎಂಬ ರೀತಿ ಹೇಳಿ ಸಾಲನ್ನು ಕೊಟ್ಟರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ. ಇದನ್ನು ಮಾತ್ರ ಬಿಡಬೇಡಿ.

ಕೊನೆಯದು 8204, ಅಂದರೆ ಅಕ್ಷರಗಳು ಒತ್ತಕ್ಷರ ಆಗದಂತೆ ತಡೆಯುವ ಕಾಣದ ಗುರುತು. ಅಹ್ಮದ್ ಎಂದು ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಗೆ ಕೆಲವು ಕೀಬೋರ್ಡ್‌ಗಳು ಇದನ್ನು ತೂರಿಸುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಹೋಲಿಕೆ ಮಾತ್ರ ತಪ್ಪುತ್ತದೆ. ಪದದ ನಡುವೆ ಇದ್ದರೆ ಬಿಡಿ, ಅಲ್ಲಿ ಅದಕ್ಕೆ ಕೆಲಸ ಇದೆ. ತುಂಡಿನ ಕೊನೆಯಲ್ಲಿ ಇದ್ದರೆ ತೆಗೆಯಿರಿ. ಇದು ತುಂಡು ಮಾಡಿದ ಮೇಲಿನ ಕೆಲಸ, ಉಳಿದ ನಾಲ್ಕು ಮೊದಲಿನ ಕೆಲಸ.

ಹೆಜ್ಜೆ 3: ಕೀಬೋರ್ಡ್‌ಗೆ ತಕ್ಕ ಲೆಕ್ಸರ್ (ಸಾಲು ತುಂಡು ಮಾಡುವ ಸಾಧನ) ಮಾಡಿಕೊಳ್ಳಿ

ಈಗ ಗುಮಾಸ್ತರು ಹೀಗೆ ಟೈಪ್ ಮಾಡುತ್ತಾರೆ ಅಂದುಕೊಳ್ಳಿ:

ಉದ್ರಿ ಶರಣಪ್ಪ ಮಾಸ್ತರ --ಮಾಲು ತಾಡಪತ್ರಿ-18'×24' --ನಗ 2

ಹದಿನೆಂಟು ಅಡಿಗೆ ಇಪ್ಪತ್ತನಾಲ್ಕು ಅಡಿ ತಾಡಪತ್ರಿ. ಅಡಿಗೆ ಒಂದು ಗೀಟು ಹಾಕುವುದು ಅಂಗಡಿಯಲ್ಲಿ ಎಲ್ಲರ ರೂಢಿ. ಸ್ಪ್ಲಿಟ್‌ಗೆ ಕೊಟ್ಟರೆ ಬರುವುದು [ತಾಡಪತ್ರಿ-18×24]. ಎರಡು ಗೀಟುಗಳನ್ನು ಅದು ಸಿಂಗಲ್ ಕೋಟ್ ಎಂದುಕೊಂಡು ನುಂಗಿತು. ದೋಷದ ಸಂದೇಶ ಕೂಡ ಇಲ್ಲ. ಗೀಟು ಒಂದೇ ಇದ್ದಿದ್ದರೆ ಕೋಟ್ ಮುಚ್ಚಿಲ್ಲ ಎಂದು ಕೂಗುತ್ತಿತ್ತು. ಎರಡಿದ್ದಾಗ ಸುಮ್ಮನಿರುತ್ತದೆ. ನನ್ನ ಪ್ರಕಾರ ಕೂಗುವ ದೋಷಕ್ಕಿಂತ ಸುಮ್ಮನಿರುವ ದೋಷ ಅಪಾಯ.

ಹಾಗಾಗಿ ಕೀಬೋರ್ಡ್‌ನಿಂದ ಬರುವ ಸಾಲಿಗೆ ಸ್ಪ್ಲಿಟ್ ಬೇಡ. ಅದರ ಹಿಂದಿರುವ, ಶ್ಲೆಕ್ಸ್ ಎಂಬ ಅದೇ ಹೆಸರಿನ ಕ್ಲಾಸ್ ಬಳಸಿ. ಅದರ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಬದಲಿಸಬಹುದು. ಆದರೆ ಮೊದಲು ಒಂದು ಗುಂಡಿ ಇದೆ, ಅದರಲ್ಲಿ ಬೀಳಬೇಡಿ.

ಕ್ಲಾಸ್ ಅನ್ನು ಹಾಗೆಯೇ ಬಳಸಿ "ಆಳಂದ" ಎಂದು ಕೊಟ್ಟು ನೋಡಿ:

[ಆ] [ಳ] [ಂ] [ದ]

ಊರು ಚೂರುಚೂರು! ಕಾರಣ ಹೀಗಿದೆ. ಯಾವ ಅಕ್ಷರಗಳು ಸೇರಿ ಪದವಾಗುತ್ತವೆ ಎಂಬ ಪಟ್ಟಿಯೊಂದು ಕ್ಲಾಸ್‌ನೊಳಗೆ ಇದೆ, ಅದರ ಹೆಸರು ವರ್ಡ್‌ಕ್ಯಾರ್ಸ್. ಅದರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಕೆಳಗೆರೆ, ಮತ್ತು ಪೋಸಿಕ್ಸ್ ರೀತಿಯಲ್ಲಿ ಯುರೋಪಿನ ಕೆಲವು ಚಿಹ್ನೆ ಹೊತ್ತ ಅಕ್ಷರಗಳು ಮಾತ್ರ ಇವೆ. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಅದನ್ನು ಒಂಟಿ ತುಂಡಾಗಿ ಹೊರಗೆ ಹಾಕುತ್ತದೆ. ಕನ್ನಡದ ಒಂದಕ್ಷರವೂ ಆ ಪಟ್ಟಿಯಲ್ಲಿಲ್ಲ. ವೈಟ್‌ಸ್ಪೇಸ್_ಸ್ಪ್ಲಿಟ್ ಎಂಬ ಸೆಟ್ಟಿಂಗ್ ಅನ್ನು ಟ್ರೂ ಮಾಡಿದರೆ "ಸ್ಪೇಸ್ ಸಿಗುವವರೆಗೂ ಎಲ್ಲವೂ ಒಂದೇ ಪದ" ಎಂಬ ನಿಯಮ ಬರುತ್ತದೆ. ಸ್ಪ್ಲಿಟ್ ಫಂಕ್ಷನ್ ಇದನ್ನು ತಾನೇ ಮಾಡಿಕೊಳ್ಳುತ್ತದೆ, ಅದಕ್ಕೇ ಅಲ್ಲಿ ಕನ್ನಡ ಸರಿ ಬಂತು. ಕ್ಲಾಸ್ ಬಳಸುವಾಗ ನಾವೇ ಮಾಡಬೇಕು. ಕನ್ನಡ ಅಕ್ಷರಗಳನ್ನೆಲ್ಲ ವರ್ಡ್‌ಕ್ಯಾರ್ಸ್‌ಗೆ ಸೇರಿಸುತ್ತ ಕೂರುವುದು ವ್ಯರ್ಥ. ಒಂದು ಚಿಹ್ನೆ ಮರೆತರೂ ಪದ ಅಲ್ಲೇ ಒಡೆಯುತ್ತದೆ.

ಈಗ ನಮ್ಮ ಲೆಕ್ಸರ್. ಸಾಲನ್ನು ಕೊಟ್ಟು, ಪೋಸಿಕ್ಸ್ ಟ್ರೂ ಎಂದು ಹೇಳಿ ಕ್ಲಾಸ್‌ನಿಂದ ಒಂದು ಆಬ್ಜೆಕ್ಟ್ ಮಾಡಿ. ಆಮೇಲೆ ಅದರ ನಾಲ್ಕು ಸೆಟ್ಟಿಂಗ್ ಬದಲಿಸಿ:

ವೈಟ್‌ಸ್ಪೇಸ್_ಸ್ಪ್ಲಿಟ್ — ಟ್ರೂ.
ಕೋಟ್ಸ್ — ಡಬಲ್ ಕೋಟ್ ಒಂದೇ. ಈಗ ಅಡಿಯ ಗೀಟು ಮಾಮೂಲಿ ಅಕ್ಷರ, 18'×24' ಹಾಗೆಯೇ ಉಳಿಯುತ್ತದೆ.
ಎಸ್ಕೇಪ್ — ಖಾಲಿ ಸ್ಟ್ರಿಂಗ್. ಬ್ಯಾಕ್‌ಸ್ಲ್ಯಾಶ್‌ಗೆ ಇನ್ನು ಶಕ್ತಿಯಿಲ್ಲ, ವಿಂಡೋಸ್ ಫೈಲ್ ದಾರಿ ಕೆಡುವುದಿಲ್ಲ.
ಕಮೆಂಟರ್ಸ್ — ಇದೂ ಖಾಲಿ.

ಕೊನೆಯದು ಯಾಕೆ ಅಂದರೆ, ಕ್ಲಾಸ್‌ನಲ್ಲಿ # ಚಿಹ್ನೆ ಬಂದಲ್ಲಿಂದ ಸಾಲಿನ ಕೊನೆವರೆಗೂ ಟಿಪ್ಪಣಿ ಎಂದು ಬಿಟ್ಟುಬಿಡುತ್ತದೆ. ನಿಜವಾದ ಶೆಲ್‌ನಲ್ಲಿ # ಪದದ ಮೊದಲಲ್ಲಿ ಇದ್ದರೆ ಮಾತ್ರ ಹೀಗಾಗುತ್ತದೆ. ಶ್ಲೆಕ್ಸ್‌ನಲ್ಲಿ ನಡುವೆ ಇದ್ದರೂ ಆಗುತ್ತದೆ. ಬಿಲ್#7 ಎಂದು ಬರೆದರೆ ಉಳಿಯುವುದು [ಬಿಲ್], ಅದರ ಮುಂದಿನ ದರ, ನಗ ಎಲ್ಲ ಮಾಯ. ಸ್ಪ್ಲಿಟ್‌ನಲ್ಲಿ ಇದು ಮೊದಲೇ ಬಂದ್ ಆಗಿರುತ್ತದೆ.

ಇದಾದ ಮೇಲೆ ಆಬ್ಜೆಕ್ಟ್ ಅನ್ನು ಲಿಸ್ಟ್ ಮಾಡಿದರೆ ತುಂಡುಗಳು ಸಿಗುತ್ತವೆ. ಗುಮಾಸ್ತರಿಗೆ ಹೇಳಿಕೊಡಬೇಕಾದ ನಿಯಮ ಈಗ ಒಂದೇ: ನಡುವೆ ಸ್ಪೇಸ್ ಇದ್ದರೆ ಡಬಲ್ ಕೋಟ್ ಹಾಕಿ.

ಇಂಚಿನ ಗುರುತು ಮಾತ್ರ ಉಳಿಯುತ್ತದೆ. 2" ಪೈಪ್ ಎಂದು ಬರೆದರೆ ಅದು ಕೋಟ್ ಆಗಿಬಿಡುತ್ತದೆ. "ಅಂಕಿಯ ಹಿಂದೆ ಬಂದ ಕೋಟ್ ಇಂಚು ಎಂದು ತಿಳಿದುಕೊಳ್ಳೋಣ" ಎಂಬ ಆಸೆ ಬರುತ್ತದೆ. ಆದರೆ "ಲಾಟ್ 2" ಎಂದು ಸರಿಯಾಗಿ ಮುಚ್ಚಿದ ಕೋಟ್‌ನಲ್ಲೂ ಅಂಕಿಯ ಹಿಂದೆಯೇ ಚಿಹ್ನೆ ಇದೆ. ಪ್ರೋಗ್ರಾಂಗೆ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಇಂಚಿಗೆ 2ಇಂಚು ಎಂದು ಅಕ್ಷರದಲ್ಲೇ ಬರೆಯಿರಿ ಅನ್ನುವುದೇ ಸರಿ.

ಹೆಜ್ಜೆ 4: ದೋಷವನ್ನು ಗುಮಾಸ್ತರ ಮಾತಿನಲ್ಲಿ ಹೇಳಿ

ಕೋಟ್ ತೆರೆದು ಮುಚ್ಚದಿದ್ದರೆ ಶ್ಲೆಕ್ಸ್ ವ್ಯಾಲ್ಯೂಎರರ್ ಎಬ್ಬಿಸುತ್ತದೆ. ಸಾಲಿನ ಕೊನೆಯಲ್ಲಿ ಒಂಟಿ ಬ್ಯಾಕ್‌ಸ್ಲ್ಯಾಶ್ ಇದ್ದರೂ ಅದೇ ಎರರ್, ಆದರೆ ನಮ್ಮ ಲೆಕ್ಸರ್‌ನಲ್ಲಿ ಎಸ್ಕೇಪ್ ತೆಗೆದಿರುವುದರಿಂದ ಅದು ಬರುವುದಿಲ್ಲ. ಉಳಿದದ್ದು ಒಂದೇ ದೋಷ. ಅದರ ಇಂಗ್ಲಿಷ್ ಸಂದೇಶವನ್ನು ಹಾಗೇ ತೋರಿಸಬೇಡಿ. ಎರರ್ ಹಿಡಿದು ಹೀಗೆ ಹೇಳಿ:

ಡಬಲ್ ಕೋಟ್ ತೆರೆದೀರಿ, ಮುಚ್ಚಿಲ್ರಿ. ಇಲ್ಲಿಂದ ನೋಡ್ರಿ: "ನಂದೂರ (ಕೆ) --ಮಾಲು ತಾಡಪತ್ರಿ

ಎಲ್ಲಿಂದ ಎಂದು ಶ್ಲೆಕ್ಸ್ ಹೇಳುವುದಿಲ್ಲ. ನಾವು ಹುಡುಕಬೇಕು. ಕೋಟ್ ಒಂದೇ ತರಹದ್ದು ಇರುವುದರಿಂದ ಸುಲಭ: ಸಾಲಿನ ಕೊನೆಯ ಕೋಟ್ ಎಲ್ಲಿದೆಯೋ ಅಲ್ಲಿಂದ ಮುಂದಿನ ಭಾಗ ತೋರಿಸಿ. ಮರೆತದ್ದು ಅದಕ್ಕಿಂತ ಹಿಂದಿನ ಕೋಟ್ ಕೂಡ ಆಗಿರಬಹುದು, ಆದರೆ ಕಣ್ಣು ಹಾಯಿಸಲು ಅಷ್ಟು ಸುಳಿವು ಸಾಕು. ಅವರು ಟೈಪ್ ಮಾಡಿದ ಸಾಲನ್ನು ಅಳಿಸಬೇಡಿ. ತಿದ್ದಲು ಮತ್ತೆ ಅದೇ ಸಾಲು ಮುಂದೆ ಬರಬೇಕು.

ಹೆಜ್ಜೆ 5: ತುಂಡುಗಳಿಗೆ ಅರ್ಥ ಕೊಡಿ

ತುಂಡು ಮಾಡುವುದು ಬೇರೆ, ಅರ್ಥ ಮಾಡುವುದು ಬೇರೆ. ಯಾವುದು ಆಯ್ಕೆ, ಯಾವುದು ಅದರ ಮೌಲ್ಯ ಎಂದು ನೋಡಲು ಆರ್ಗ್‌ಪಾರ್ಸ್ ಲೈಬ್ರರಿ ಇದೆ. ಅದರ ಪಾರ್ಸ್_ಆರ್ಗ್ಸ್‌ಗೆ ನಮ್ಮ ಲಿಸ್ಟ್ ಕೊಟ್ಟರಾಯಿತು. ಉದ್ರಿ, ಜಮಾ, ಬಾಕಿ, ಹುಡುಕು ಎಂಬ ಒಂದೊಂದು ಕಮಾಂಡ್‌ಗೂ ಒಂದೊಂದು ಸಬ್‌ಪಾರ್ಸರ್ (ಆ ಕಮಾಂಡಿನ ಆಯ್ಕೆಗಳನ್ನು ಬಿಡಿಸುವ ಭಾಗ) ಮಾಡಿ. ಆಯ್ಕೆಗಳ ಹೆಸರು ಕನ್ನಡದಲ್ಲೇ ಇರಬಹುದು. ಪೈಥಾನ್ 3 ಕನ್ನಡ ಹೆಸರುಗಳನ್ನು ಒಪ್ಪುತ್ತದೆ, ಹಾಗಾಗಿ ಫಲಿತಾಂಶದಲ್ಲಿ ಚುಕ್ಕೆ ಹಾಕಿ ನೇರವಾಗಿ .ಊರು, .ದರ ಎಂದೇ ಓದಬಹುದು. ನೋಡಲು ಖುಷಿಯಾಗುತ್ತದೆ.

ಕಮಾಂಡ್ ಕಿಟಕಿಗೆಂದೇ ಇರುವ ಸಿಎಂಡಿ ಎಂಬ ಇನ್ನೊಂದು ಲೈಬ್ರರಿಯೂ ಪೈಥಾನ್ ಜೊತೆ ಬರುತ್ತದೆ. ಅದು ಕಮಾಂಡಿನ ಹೆಸರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಕೆಳಗೆರೆ ಮಾತ್ರ ನಿರೀಕ್ಷಿಸುತ್ತದೆ. "ಉದ್ರಿ" ಎಂದರೆ ಗೊತ್ತಿಲ್ಲದ ಸಾಲು ಎಂದು ಬದಿಗೆ ತಳ್ಳುತ್ತದೆ. ಅದನ್ನು ಬಗ್ಗಿಸುವ ಬದಲು ಒಂದು ಸಣ್ಣ ಲೂಪ್ ನೀವೇ ಬರೆಯುವುದು ಸುಲಭ.

ಹೆಸರಿಗೆ ಮಾತ್ರ ರಿಯಾಯಿತಿ ಕೊಡಿ. "ಶರಣಪ್ಪ ಮಾಸ್ತರ" ಎನ್ನಲು ಪ್ರತಿ ಸಲ ಕೋಟ್ ಹಾಕಿ ಎಂದರೆ ಬೇಸರವಾಗುತ್ತದೆ. ಹೆಸರಿನ ಆರ್ಗ್ಯುಮೆಂಟ್‌ಗೆ ಎನ್‌ಆರ್ಗ್ಸ್ ಮೌಲ್ಯ + ಎಂದು ಹೇಳಿದರೆ ಮುಂದಿನ ಆಯ್ಕೆ ಬರುವವರೆಗಿನ ತುಂಡುಗಳೆಲ್ಲ ಅದಕ್ಕೆ ಸೇರುತ್ತವೆ. ಆಮೇಲೆ ನಡುವೆ ಒಂದೊಂದು ಸ್ಪೇಸ್ ಇಟ್ಟು ಜೋಡಿಸಿ. ಊರಿಗೆ ಇದನ್ನು ಮಾಡಲು ಹೋಗಬೇಡಿ. (ಕೆ), (ಬಿ) ವಿಷಯದಲ್ಲಿ ಗುಮಾಸ್ತರು ಎಚ್ಚರವಾಗಿ ಟೈಪ್ ಮಾಡುವುದೇ ಒಳ್ಳೆಯದು.

ದರಕ್ಕೆ ಇಂಟ್ ಎಂಬ ಟೈಪ್ ಹಾಕಬಹುದು. ಪೈಥಾನ್‌ನ ಇಂಟ್‌ಗೆ ಕನ್ನಡ ಅಂಕಿಯೂ ಅರ್ಥವಾಗುತ್ತದೆ, ೧೪೫೦ ಎಂದು ಕೊಟ್ಟರೆ 1450 ಆಗುತ್ತದೆ. ಬೇರೇನೂ ಮಾಡಬೇಕಿಲ್ಲ. ಆದರೆ 1,450 ಎಂದರೆ ಒಪ್ಪುವುದಿಲ್ಲ, 1450/- ಎಂದರೂ ಒಪ್ಪುವುದಿಲ್ಲ. ಅಂಗಡಿಯಲ್ಲಿ ಎರಡೂ ರೂಢಿ. ಕಾಮಾ ಮತ್ತು ಕೊನೆಯ /- ತೆಗೆದು ಇಂಟ್ ಕರೆಯುವ ಸಣ್ಣ ಫಂಕ್ಷನ್ ಬರೆದು ಅದನ್ನೇ ಟೈಪ್ ಆಗಿ ಕೊಡಿ.

ಆರ್ಗ್‌ಪಾರ್ಸ್‌ನ ಎರಡು ಅಭ್ಯಾಸ ನಮಗೆ ಆಗಿಬರುವುದಿಲ್ಲ. ಮೊದಲನೆಯದು, ತಪ್ಪು ಕಂಡರೆ ಅದು ಪ್ರೋಗ್ರಾಂ ಅನ್ನೇ ಮುಗಿಸುತ್ತದೆ, ಸಿಸ್ಟಮ್‌ಎಕ್ಸಿಟ್ ಎಬ್ಬಿಸಿ 2 ಎಂಬ ಕೋಡ್ ಕೊಟ್ಟು ಹೊರಬೀಳುತ್ತದೆ. ಒಂದು ಆಯ್ಕೆ ತಪ್ಪಾಗಿದ್ದಕ್ಕೆ ಕಿಟಕಿ ಮುಚ್ಚಿಹೋದರೆ ಗುಮಾಸ್ತರು ನಿಮಗೆ ಫೋನ್ ಮಾಡುತ್ತಾರೆ. 3.9ರಿಂದ ಎಕ್ಸಿಟ್_ಆನ್_ಎರರ್ ಎಂಬ ಆಯ್ಕೆ ಇದೆ, ಆದರೆ ಅದು ಬಂದ ಹೊಸತರಲ್ಲಿ ಎಲ್ಲ ತಪ್ಪುಗಳಿಗೂ ಅನ್ವಯಿಸುತ್ತಿರಲಿಲ್ಲ. ಆರ್ಗ್ಯುಮೆಂಟ್‌ಪಾರ್ಸರ್‌ನಿಂದ ನಿಮ್ಮದೇ ಕ್ಲಾಸ್ ಮಾಡಿ, ಅದರ ಎರರ್ ಮೆಥಡ್ ಬದಲಿಸಿ, ನಿಮ್ಮದೇ ಎಕ್ಸೆಪ್ಷನ್ ಎಬ್ಬಿಸುವುದು ಗಟ್ಟಿ ದಾರಿ. ಸಬ್‌ಪಾರ್ಸರ್‌ಗಳು ತಾವಾಗೇ ಅದೇ ಕ್ಲಾಸ್‌ನಿಂದ ಹುಟ್ಟುತ್ತವೆ.

ಎರಡನೆಯದು, ಹೆಸರು ಅರ್ಧ ಬರೆದರೂ ಅದು ಊಹಿಸಿಕೊಳ್ಳುತ್ತದೆ. --ಟಿ ಎಂದರೆ --ಟಿಪ್ಪಣಿ ಎಂದುಕೊಳ್ಳುತ್ತದೆ. ಇಂದು ಸರಿ. ನಾಳೆ ನೀವು --ಟಿನ್ ಎಂಬ ಇನ್ನೊಂದು ಆಯ್ಕೆ ಸೇರಿಸಿದರೆ ಹಳೆಯ ರೂಢಿಯ ಸಾಲುಗಳೆಲ್ಲ ಕೆಡುತ್ತವೆ. ಅಲೌ_ಅಬ್ರೆವ್ ಅನ್ನು ಫಾಲ್ಸ್ ಮಾಡಿ. ಇದು ಸಬ್‌ಪಾರ್ಸರ್‌ಗಳಿಗೆ ತಾನಾಗಿ ಹೋಗುವುದಿಲ್ಲ, ಒಂದೊಂದಕ್ಕೂ ಬೇರೆಯಾಗಿ ಹೇಳಬೇಕು.

ಊರಿನ ಹೆಸರಿಗೆ ಒಂದು ಸಣ್ಣ ಪಟ್ಟಿ ಇಟ್ಟುಕೊಳ್ಳಿ. ಗುಲ್ಬರ್ಗಾ 2014ರ ನವೆಂಬರ್ 1ರಿಂದ ಅಧಿಕೃತವಾಗಿ ಕಲಬುರಗಿ ಆದರೂ ಟೈಪ್ ಮಾಡುವವರ ಬೆರಳಿಗೆ ಎರಡೂ ಬರುತ್ತವೆ. ಈ ಬದಲಾವಣೆ ಪಾರ್ಸ್ ಆದ ಮೇಲೆ, ಊರಿನ ಖಾನೆಗೆ ಮಾತ್ರ.

ಹೆಜ್ಜೆ 6: ಚಿಟ್ಟಾ ಬರೆಯಿರಿ, ಬೇರೆ ಲೆಕ್ಸರ್‌ನಿಂದ ಓದಿ

ಒಪ್ಪಿಗೆಯಾದ ಪ್ರತಿ ಕಮಾಂಡ್ ಅನ್ನೂ ಒಂದು ಟೆಕ್ಸ್ಟ್ ಫೈಲ್‌ಗೆ ಸಾಲಾಗಿ ಬರೆದಿಡುವುದು ನನಗೆ ಇಷ್ಟ. ಡೇಟಾಬೇಸ್ ಕೆಟ್ಟರೂ ಸಾಲುಗಳನ್ನು ಮತ್ತೆ ಓಡಿಸಿ ಖಾತೆ ಕಟ್ಟಬಹುದು. ಇಲ್ಲಿ ಗುಮಾಸ್ತರು ಟೈಪ್ ಮಾಡಿದ್ದನ್ನು ಹಾಗೇ ಬರೆಯಬೇಡಿ. ತೊಳೆದು, ತುಂಡು ಮಾಡಿದ ಲಿಸ್ಟ್‌ಗೆ ಮುಂದೆ ತಾರೀಖು ಸೇರಿಸಿ, ಶ್ಲೆಕ್ಸ್‌ನ ಜಾಯಿನ್‌ಗೆ ಕೊಡಿ. ಇದು 3.8ರಲ್ಲಿ ಬಂದ ಫಂಕ್ಷನ್. ಪ್ರತಿ ತುಂಡನ್ನೂ ಅಗತ್ಯವಿದ್ದರೆ ಕೋಟ್ ಮಾಡಿ ಜೋಡಿಸುತ್ತದೆ:

2025-01-14 'ಉದ್ರಿ' 'ಶರಣಪ್ಪ' 'ಮಾಸ್ತರ' '--ಮಾಲು' 'ತಾಡಪತ್ರಿ-18'"'"'×24'"'"'' '--ನಗ' 2

ಕನ್ನಡದ ಪ್ರತಿ ತುಂಡಿಗೂ ಕೋಟ್ ಬಿದ್ದಿದೆ ನೋಡಿ. ಅದಕ್ಕೆ ಗಾಬರಿ ಬೇಡ. ಕೋಟ್ ಬೇಡದ "ಸುರಕ್ಷಿತ" ಅಕ್ಷರಗಳ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆ ಮಾತ್ರ ಇರುವುದರಿಂದ ಹೀಗಾಗುತ್ತದೆ. ಅರ್ಥ ಬದಲಾಗುವುದಿಲ್ಲ. ಅಡಿಯ ಗೀಟನ್ನು ಅದು ಮಾಡಿರುವ ರೀತಿ ಸ್ವಲ್ಪ ಗೋಜಲು: ಸಿಂಗಲ್ ಕೋಟ್ ಮುಚ್ಚಿ, ಗೀಟನ್ನು ಡಬಲ್ ಕೋಟ್‌ನೊಳಗೆ ಇಟ್ಟು, ಮತ್ತೆ ಸಿಂಗಲ್ ಕೋಟ್ ತೆರೆಯುತ್ತದೆ. ಅಂಟಿದ ಕೋಟ್‌ಗಳೆಲ್ಲ ಒಂದೇ ಪದ ಎಂಬ ನಿಯಮ ಇಲ್ಲಿ ಕೆಲಸಕ್ಕೆ ಬಂತು.

ಈ ಫೈಲ್ ಓದುವಾಗ ನಮ್ಮ ಕೀಬೋರ್ಡ್ ಲೆಕ್ಸರ್ ಬಳಸಬೇಡಿ. ಅದಕ್ಕೆ ಸಿಂಗಲ್ ಕೋಟ್ ಅಂದರೆ ಬರೀ ಗೀಟು, ಎಲ್ಲ ಹೆಸರಿಗೂ ಗೀಟು ಅಂಟಿಕೊಂಡು ಬರುತ್ತದೆ. ಜಾಯಿನ್ ಬರೆದದ್ದನ್ನು ಓದಬೇಕಾದ್ದು ಮಾಮೂಲಿ ಸ್ಪ್ಲಿಟ್. ಮನುಷ್ಯರ ಸಾಲಿಗೆ ಒಂದು, ಯಂತ್ರದ ಸಾಲಿಗೆ ಒಂದು. ಎರಡನ್ನೂ ಬೇರೆ ಬೇರೆ ಹೆಸರಿನ ಫಂಕ್ಷನ್‌ಗಳಲ್ಲಿ ಇಡಿ, ಇಲ್ಲವಾದರೆ ಮುಂದೆ ಯಾರೋ ಅದಲು ಬದಲು ಮಾಡುತ್ತಾರೆ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿ, ವಿಂಡೋಸ್‌ನಲ್ಲಿ ಹೇಳದಿದ್ದರೆ ಕನ್ನಡ ಕೆಡಬಹುದು. ಟಿಪ್ಪಣಿಯೊಳಗೆ ಹೊಸ ಸಾಲಿನ ಗುರುತು ಬಂದರೆ ಮೊದಲೇ ತಿರಸ್ಕರಿಸಿ. ಜಾಯಿನ್ ಅದನ್ನು ಕೋಟ್ ಒಳಗೆ ಉಳಿಸುತ್ತದೆ, ಆಗ ಒಂದು ದಾಖಲೆ ಎರಡು ಸಾಲಿಗೆ ಹರಡುತ್ತದೆ.

ಬೇಕಿದ್ದರೆ: > ಮತ್ತು | ಚಿಹ್ನೆಗಳು

ಬಾಕಿ --ಊರು ಸೇಡಂ>ಪಟ್ಟಿ ಎಂದು ಬರೆದು ಫಲಿತಾಂಶವನ್ನು ಫೈಲ್‌ಗೆ ಕಳಿಸುವ ಆಸೆ ಇದ್ದರೆ, ಕ್ಲಾಸ್ ಮಾಡುವಾಗ ಪಂಕ್ಚುಯೇಶನ್_ಕ್ಯಾರ್ಸ್ ಅನ್ನು ಟ್ರೂ ಮಾಡಿ. ಆಗ ( ) ; < > | & ಬೇರೆ ತುಂಡಾಗುತ್ತವೆ. ಇದು ಮತ್ತು ವೈಟ್‌ಸ್ಪೇಸ್_ಸ್ಪ್ಲಿಟ್ ಎರಡೂ ಒಟ್ಟಿಗೆ ಸರಿಯಾಗಿ ನಡೆಯುವುದು 3.8ರಿಂದ. ಕನ್ನಡಕ್ಕೆ ಎರಡೂ ಬೇಕು, ಆವೃತ್ತಿಯ ಷರತ್ತು ಅದಕ್ಕೂ ಹಾಕಿದ್ದು. ಆದರೆ ತುಂಡು ಮಾಡಿದ ಮೇಲೆ ಕೋಟ್ ಒಳಗಿದ್ದ ">" ಮತ್ತು ಹೊರಗಿದ್ದ > ಎರಡೂ ಒಂದೇ ತರಹ ಕಾಣುತ್ತವೆ. ಯಾವುದು ಬರಹ, ಯಾವುದು ಸೂಚನೆ ಎಂದು ತಿಳಿಯಲು ದಾರಿಯಿಲ್ಲ. ನಾನಂತೂ ಇದನ್ನು ಬಿಟ್ಟು --ಫೈಲ್ ಎಂಬ ಆಯ್ಕೆ ಇಡುತ್ತೇನೆ.

ಶ್ಲೆಕ್ಸ್ ಮಾಡದ ಕೆಲಸಗಳೂ ಇವೆ. $ ಇರುವ ವೇರಿಯಬಲ್, * ಹಾಕಿದ ಫೈಲ್ ಹೆಸರು, ~ ಇವುಗಳನ್ನು ಅದು ಬಿಡಿಸುವುದಿಲ್ಲ, ಹಾಗೇ ಕೊಡುತ್ತದೆ. ಉದ್ರಿ ಖಾತೆಗೆ ಅದೇ ಒಳ್ಳೆಯದು. ರೂಬಿಯ ಶೆಲ್‌ವರ್ಡ್ಸ್ ಕೂಡ ಹೀಗೇ. ಸಿ ಭಾಷೆಯ ವರ್ಡ್‌ಎಕ್ಸ್ಪ್ ಹಾಗಲ್ಲ, ತಡೆಯದಿದ್ದರೆ ಸಾಲಿನೊಳಗಿನ ಕಮಾಂಡ್ ಅನ್ನೇ ಓಡಿಸಿಬಿಡುತ್ತದೆ.

ಹೆಜ್ಜೆ 7: ಹೊರಗಿನ ಪ್ರೋಗ್ರಾಂ ಕರೆಯುವಾಗ

ರಸೀದಿ ಪ್ರಿಂಟ್ ಮಾಡಲು ಬೇರೆ ಪ್ರೋಗ್ರಾಂ ಕರೆಯಬೇಕಾಗಬಹುದು. ಸಬ್‌ಪ್ರೊಸೆಸ್ ಲೈಬ್ರರಿಯ ರನ್‌ಗೆ ಲಿಸ್ಟ್ ಕೊಡಿ. ತುಂಡುಗಳನ್ನು ಜೋಡಿಸಿ ಒಂದು ಸಾಲು ಮಾಡಿ, ಶೆಲ್ ಟ್ರೂ ಎಂದು ಓಡಿಸಬೇಡಿ. ಹಾಗೆ ಮಾಡಿದರೆ ಗಿರಾಕಿಯ ಹೆಸರಿನ ಖಾನೆಯಲ್ಲಿ ಯಾರಾದರೂ ; ಚಿಹ್ನೆ ಹಾಕಿ ಮುಂದೆ ಬರೆದದ್ದು ನಿಮ್ಮ ಕಂಪ್ಯೂಟರ್‌ನಲ್ಲಿ ಕಮಾಂಡ್ ಆಗಿ ಓಡುತ್ತದೆ. ಲಿಸ್ಟ್ ಕೊಟ್ಟಾಗ ನಡುವೆ ಶೆಲ್ಲೇ ಇರುವುದಿಲ್ಲ, ಹಾಗಾಗಿ ; ಬರೀ ಒಂದು ಅಕ್ಷರ. ಶೆಲ್ ಬೇಕೇ ಬೇಕು ಅನ್ನುವ ಸಂದರ್ಭಕ್ಕೆ 3.3ರಿಂದ ಶ್ಲೆಕ್ಸ್‌ನಲ್ಲೇ ಕ್ವೋಟ್ ಎಂಬ ಫಂಕ್ಷನ್ ಇದೆ. ಅದು ಯೂನಿಕ್ಸ್ ಶೆಲ್‌ಗಳಿಗೆ ಮಾತ್ರ. ಅಂಗಡಿಯ ಕಂಪ್ಯೂಟರ್‌ನಲ್ಲಿ ವಿಂಡೋಸ್ ಇದ್ದರೆ ಅದನ್ನು ನಂಬಬೇಡಿ, ಅಲ್ಲಿಯ ಕೋಟ್ ನಿಯಮಗಳೇ ಬೇರೆ.

ಪರೀಕ್ಷೆಗೆ ಇಟ್ಟುಕೊಳ್ಳಬೇಕಾದ ಸಾಲುಗಳು

ಅಂಗಡಿಗೆ ಕೊಡುವ ಮೊದಲು ಇವನ್ನು ಓಡಿಸಿ ನೋಡಿ. ಊರು "ನಂದೂರ (ಕೆ)" ಒಂದೇ ತುಂಡಾಗಬೇಕು. ಬಾಗಿದ ಕೋಟ್‌ನಲ್ಲಿ ಬರೆದರೂ ಅದೇ ಫಲ ಬರಬೇಕು. 18'×24' ಗೀಟುಗಳ ಸಮೇತ ಉಳಿಯಬೇಕು. ಬಿಲ್#7 ಹಾಗೇ ಬರಬೇಕು, ಅದರ ಮುಂದಿನ ಆಯ್ಕೆಗಳೂ ಬರಬೇಕು. ಎರಡು ರೀತಿಯ ತೊಗರಿ ಸಮ ಎಂದು ಬರಬೇಕು. --ಟಿಪ್ಪಣಿ "" ಖಾಲಿ ಮೌಲ್ಯ ಕೊಡಬೇಕು, ಕಾಣೆಯಾಗಬಾರದು. --ದರ ೧,೪೫೦/- ಎಂದರೆ 1450 ಸಿಗಬೇಕು. ಯಾವ ಲಿಸ್ಟ್ ಕೊಟ್ಟರೂ ಜಾಯಿನ್ ಮಾಡಿ ಸ್ಪ್ಲಿಟ್ ಮಾಡಿದಾಗ ಮೊದಲಿನ ಲಿಸ್ಟೇ ಬರಬೇಕು. ಬರೀ ಎಂಟರ್ ಒತ್ತಿದ ಖಾಲಿ ಸಾಲನ್ನೂ ಸೇರಿಸಿಕೊಳ್ಳಿ. ಅದಕ್ಕೆ ಲೆಕ್ಸರ್ ಖಾಲಿ ಲಿಸ್ಟ್ ಕೊಡುತ್ತದೆ. ಅದರ ಮೊದಲ ತುಂಡು ಕೇಳಿದರೆ ಇಂಡೆಕ್ಸ್‌ಎರರ್ ಬರುತ್ತದೆ. ಲಿಸ್ಟ್ ಖಾಲಿಯಿದ್ದರೆ ಏನೂ ಹೇಳದೆ ಮುಂದಿನ ಸಾಲಿಗೆ ಹೋಗಿ.